ಗುಂಡಮ್ಮನೂ ಚುಕ್ಕಿಯೂ



ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರ ಪತ್ರ ಬಂದಾಗ ನಾವು ಹಿಂಜರಿದೆವು. ದೊಡ್ಡ ಪದವಿಗಳನ್ನು ಪಡೆದವರೂ ಪರದೇಶಗಳನ್ನು ಕಂಡವರೂ ನಮ್ಮ ಸಹಪಾಠಿನಿಯರಲ್ಲಿ ಅನೇಕರುಂಟು. ನಾವಾದರೋ ದೇಶನೂರಿನಲ್ಲಿ ಮನೆವಾರ್ತೆಯನ್ನು ನೋಡಿಕೊಂಡಿರುವವರು. ನಮ್ಮಲ್ಲಿ ಹೇಳತಕ್ಕ ವಿಷಯವೆಂದರೆ ಎರಡು ಗಿನಿಹಂದಿಗಳ ವೃತ್ತಾಂತವೊಂದೇ. ಇದನ್ನು ಓದಿ ನಗುವವರು ನಗಲಿ. ಆದರೆ ಕಡೆಯವರೆಗೂ ಓದಬೇಕೆಂದು ಬೇಡುತ್ತೇವೆ. ಅದೇಕೆಂದರೆ, ವಸತಿಗೃಹದಲ್ಲಿದ್ದಾಗ ನಾವು ಮಾಡಿದ ಒಂದು ತಪ್ಪು ಈ ಮೂಕಪ್ರಾಣಿಗಳ ದೆಸೆಯಿಂದ ನಮಗೆ ನಲವತ್ತೈದು ವರ್ಷಗಳ ಮೇಲೆ ತಿಳಿದುಬಂತು.

ಗಿನಿಹಂದಿಯು ಹೆಸರಿಗೆ ಮಾತ್ರ ಹಂದಿ. ಅದು ಹಂದಿಯ ಕುಲದ್ದೂ ಅಲ್ಲ, ಆಫ್ರಿಕ ಖಂಡದ ಗಿನಿ ದೇಶದ್ದೂ ಅಲ್ಲ. ಇಲಿ ಅಳಿಲುಗಳಂತೆ ಬಾಚಿಹಲ್ಲುಳ್ಳ, ಬಾಲವಿಲ್ಲದ, ಬೆಳೆದ ಮೇಲೆ ಒಂದು ಕಿಲೋದಷ್ಟು ತೂಗುವ ಸಾಧುಪ್ರಾಣಿ ಅದು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಜನರು ಅದನ್ನು ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದರು; 16ನೆಯ ಶತಮಾನದಲ್ಲಿ ಸ್ಪೇನಿನವರು ಅದನ್ನು ಯೂರೋಪಿಗೆ ಕೊಂಡೊಯ್ದರು. ಮನುಷ್ಯಕುಲವು ಅದಕ್ಕೆ ಬಹಳವಾಗಿ ಋಣಿಯಾಗಿದೆ. 1882ರಲ್ಲಿ ರಾಬರ್ಟ್ ಕಾಕ್ ಎಂಬ ಪಂಡಿತರು ಕ್ಷಯರೋಗದ ಕ್ರಿಮಿಯನ್ನು ಸಿದ್ಧಪಡಿಸಿ ತೋರಿಸಿದ್ದು ಇವುಗಳ ನೆರವಿನಿಂದ. 1907ರಲ್ಲಿ ನಾರ್ವೆ ದೇಶದ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬವರು, ಹಸಿರು ಪದಾರ್ಥ ದೊರೆಯದ ಗಿನಿಹಂದಿಗೆ ಮನುಷ್ಯರಂತೆಯೇ ಸ್ಕರ್ವಿ ರೋಗ ಬರುವುದನ್ನು ಕಂಡರು. ನಮ್ಮ ಹಾಗೆ ಅವುಗಳ ದೇಹವೂ ಸಿ ಜೀವಸತ್ತ್ವವನ್ನು ತಾನೇ ತಯಾರಿಸಿಕೊಳ್ಳಲಾರದು. ಆದುದರಿಂದ ದಿನವೂ ನೆಲ್ಲಿಕಾಯಿಯ ಚೂರು, ಪೇರಲ, ಕೊತ್ತಂಬರಿ ಸೊಪ್ಪು ಮುಂತಾದುವನ್ನು ಕೊಡಲೇಬೇಕು.

ಇನ್ನೊಂದು ಗುಣದಲ್ಲಿಯೂ ಅವು ನಮ್ಮನ್ನು ಹೋಲುತ್ತವೆ. ಒಂಟಿತನವನ್ನು ಅವು ಸಹಿಸಲಾರವು. ಸ್ವಿಟ್ಜರ್‌ಲೆಂಡ್ ದೇಶದಲ್ಲಿ 2008ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಗಿನಿಹಂದಿಯನ್ನು ಒಂಟಿಯಾಗಿ ಸಾಕಕೂಡದು. ಇದನ್ನು ಮೊದಲು ಕೇಳಿದಾಗ ನಾವು ನಕ್ಕದ್ದುಂಟು. ಆದರೆ ನಮ್ಮ ಮನೆಯಲ್ಲಿಯೇ ಅದರ ನಿಜ ಕಂಡುಬಂತು.

ನಮ್ಮ ಮಗನು ಮೊಮ್ಮಗಳ ಸಂತೋಷಕ್ಕಾಗಿ ತಂದುಕೊಟ್ಟ ಎರಡು ಹೆಣ್ಣು ಗಿನಿಹಂದಿಗಳಲ್ಲಿ ಒಂದು 2023ರ ಅಕ್ಟೋಬರಿನಲ್ಲಿ ಕಾಯಿಲೆಯಿಂದ ತೀರಿಹೋಯಿತು. ಉಳಿದದ್ದು ಗುಂಡಮ್ಮ. ನಮ್ಮೂರಿನ ಕಾಲುವೆ ವಿಜಯನಗರದ ಅರಸರ ಕಾಲದ್ದು. ಅದರ ದಂಡೆಯ ಗರಿಕೆಯನ್ನು ಕೊಯ್ದು ತಂದರೆ, ಚೀಲದ ಸಪ್ಪಳಕ್ಕೇ ಕೂಗುತ್ತಿದ್ದ ಗುಂಡಮ್ಮನು ಈಗ ಮೂಲೆಯಲ್ಲಿ ಮುಖಮಾಡಿ ಕುಳಿತುಬಿಟ್ಟಳು. ಹುಲ್ಲು ಹಾಗೆಯೇ ಬಾಡಿತು. ಪಶುವೈದ್ಯರು ನೋಡಿ, ಈ ಪ್ರಾಣಿಯ ಕರುಳು ಸದಾ ಕೆಲಸಮಾಡುತ್ತಿರಬೇಕೆಂದೂ, ಒಂದು ದಿನ ಮೇವು ಬಿಟ್ಟರೂ ಜೀವಕ್ಕೆ ಅಪಾಯವೆಂದೂ ಹೇಳಿ, ಅರೆದ ಮೇವನ್ನು ಪಿಚಕಾರಿಯಿಂದ ಬಾಯಿಗೆ ಹಾಕುವ ಕ್ರಮವನ್ನು ತೋರಿಸಿಕೊಟ್ಟರು. ಅವಳು ಸ್ವಲ್ಪ ಚೇತರಿಸಿಕೊಂಡ ಮೇಲೆ, ಜೊತೆಗೊಂದು ಮರಿಯನ್ನು ಮೆಲ್ಲನೆ ಹೊಂದಿಸಿರೆಂದರು. ಆ “ಮೆಲ್ಲನೆ” ಎಂಬ ಮಾತನ್ನು ನಾವು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ನವಂಬರ್ ತಿಂಗಳ ಮೊದಲಲ್ಲಿ ಬಳ್ಳಾರಿಯಿಂದ ಆರು ವಾರಗಳ ಮರಿಯೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದೆವು. ಬಿಳಿಯ ಮೈಯಮೇಲೆ ಕಂದು ಚುಕ್ಕೆಗಳು. ಆದುದರಿಂದ ಮೊಮ್ಮಗಳು ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಳು. ಮನೆಯವರೆಲ್ಲರೂ ಸುತ್ತ ನೆರೆದರು. “ಇಗೋ ಗುಂಡಮ್ಮಾ, ನಿನಗೊಬ್ಬ ಮಗಳು ಬಂದಳು” ಎಂದು ಹೇಳಿ, ಮರಿಯನ್ನು ನೆಟ್ಟಗೆ ಗುಂಡಮ್ಮನ ಪೆಟ್ಟಿಗೆಯೊಳಗೇ ಬಿಟ್ಟೆವು. ಅನಾಥೆಗೆ ತಾಯಿಯೂ ದುಃಖಿತೆಗೆ ಮಗಳೂ ದೊರೆತರೆಂದು ನಮ್ಮ ಕಣ್ಣಿನಲ್ಲಿ ನೀರು ಬಂತು.

ಗುಂಡಮ್ಮನ ಕಣ್ಣಿನಲ್ಲಿ ಅಂಥದೇನೂ ಇರಲಿಲ್ಲ. ಅವಳು ತಲೆಯನ್ನೆತ್ತಿದಳು, ಕತ್ತಿನ ಕೂದಲನ್ನು ನಿಮಿರಿಸಿದಳು, ಹಲ್ಲುಗಳನ್ನು ಕಟಕಟನೆ ಕಡಿದಳು. ಅದು ಎಚ್ಚರಿಕೆಯ ಸದ್ದೆಂದು ನಮಗೆ ಆಗ ತಿಳಿಯದು. ಮರಿಯು ಬೆದರಿ ಒಂದೇ ಬಾಗಿಲಿನ ಗೂಡಿನೊಳಗೆ ನುಗ್ಗಿತು. ಗುಂಡಮ್ಮನು ಆ ಬಾಗಿಲಿಗೇ ಅಡ್ಡವಾಗಿ ನಿಂತು ಮೇಲೆ ಬಿದ್ದಳು. ಕ್ಷಣಮಾತ್ರದಲ್ಲಿ ಚುಕ್ಕಿಯ ಕಿವಿ ಹರಿದು ರಕ್ತ ಬಂತು. ಬಿಡಿಸಲು ಹೋದ ನಮ್ಮ ಬೆರಳಿಗೂ ಹಲ್ಲು ನಾಟಿತು. ಮೊಮ್ಮಗಳು ಅಳುತ್ತ, “ಅಜ್ಜೀ, ಗುಂಡಮ್ಮ ಕೆಟ್ಟವಳೇನು?” ಎಂದು ಕೇಳಿದಳು. ನಾವು ಹೌದೆಂದೆವು. ಮರುದಿನ ಪಶುವೈದ್ಯರು ಗಾಯವನ್ನು ತೊಳೆಯುತ್ತ, “ಅವಳ ಮನೆಗೆ ಅವಳನ್ನು ಕೇಳದೆ ತಂದು ಬಿಟ್ಟವರು ಯಾರಮ್ಮಾ?” ಎಂದು ಮೆಲ್ಲನೆ ನುಡಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ನಮಗೆ ನಿದ್ರೆ ಬಾರಲಿಲ್ಲ. ವೈದ್ಯರ ಮಾತು ಕಿವಿಯಲ್ಲಿ ಮೊಳಗುತ್ತಿರಲು, 1978ರ ಒಂದು ಸಂಗತಿ ನೆನಪಿಗೆ ಬಂತು. ನಾವು ಆಗ ಒಂಬತ್ತನೆಯ ತರಗತಿಯಲ್ಲಿದ್ದೆವು. ವಸತಿಗೃಹದ ನಮ್ಮ ಕೋಣೆಗೆ ನಾವೇ ಹಿರಿಯರು. ದಸರೆಯ ರಜೆ ಕಳೆದ ಮೇಲೆ ಹಗರಿ ಹೊಳೆಯ ದಂಡೆಯ ಹಳ್ಳಿಯಿಂದ ಒಬ್ಬ ಹುಡುಗಿ ಬಂದು ಸೇರಿದಳು. ಮೇಲ್ವಿಚಾರಕಿಯಮ್ಮನವರು ಅವಳ ಕೈಯನ್ನು ನಮ್ಮ ಕೈಯಲ್ಲಿಟ್ಟು, ಇವಳನ್ನು ನಿಮ್ಮಲ್ಲಿ ಸೇರಿಸಿಕೊಳ್ಳಿರಿ ಎಂದರು. ಸೇರಿಸಿಕೊಳ್ಳುವುದೆಂದರೆ ಆ ಕ್ಷಣವೇ ಎಂದು ನಾವು ಎಣಿಸಿದೆವು. ಹನ್ನೊಂದು ಮಂದಿಯ ನಡುವೆ ಅವಳನ್ನು ಕುಳ್ಳಿರಿಸಿ, ಅವಳ ಟ್ರಂಕನ್ನು ಬಿಚ್ಚಿ, ತಾಯಿಯು ಕಟ್ಟಿಕೊಟ್ಟಿದ್ದ ಸಜ್ಜೆರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಎಲ್ಲರಿಗೂ ಹಂಚಿದೆವು. ಹಾಡೆಂದೆವು; ಹಾಡಿದಳು. ಅವಳ ಹಳ್ಳಿಯ ಮಾತನ್ನು ಮತ್ತೆ ಮತ್ತೆ ಆಡಿಸಿ ನಕ್ಕೆವು. ಯಾವಳ ಹಾಸಿಗೆಯ ಪಕ್ಕದಲ್ಲಿ ಅವಳಿಗೆ ಜಾಗ ಮಾಡಿಸಿದೆವೋ ಆ ಹುಡುಗಿಯು ತನ್ನ ಸ್ಥಳ ಹೋಯಿತೆಂಬ ಸಿಟ್ಟಿನಿಂದ ರಾತ್ರಿಯೆಲ್ಲ ಅವಳನ್ನು ಗೋಡೆಗೆ ಒತ್ತಿದಳಂತೆ. ಆಕೆಯನ್ನೂ ನಾವು ಕೇಳಿರಲಿಲ್ಲ. ನಾಲ್ಕನೆಯ ದಿನ ಹೊಸ ಹುಡುಗಿಯ ತಂದೆ ಬಂದು ಅವಳನ್ನು ಕರೆದುಕೊಂಡು ಹೋದರು. ಅವಳು ತಿರುಗಿ ಬರಲಿಲ್ಲ. ಅವಳು ಅಂಜುಬುರುಕಿ, ಅವಳ ಪಕ್ಕದವಳು ಕೆಟ್ಟವಳು ಎಂದು ತೀರ್ಪು ಹೇಳಿ ನಾವು ಸುಮ್ಮನಾದೆವು. ಮೊಮ್ಮಗಳಿಗೂ ನಾವು ಅಂಥದೇ ತೀರ್ಪನ್ನು ಹೇಳಿದೆವಲ್ಲವೇ?

ಬೆಳಗಾದ ಮೇಲೆ ವೈದ್ಯರು ಹೇಳಿದಂತೆಯೇ ನಡೆಯುವುದೆಂದು ನಿಶ್ಚಯಿಸಿದೆವು. ಆ ಕ್ರಮವನ್ನು ಇಲ್ಲಿ ವಿವರಿಸುವೆವು; ಮಕ್ಕಳಿಗಾಗಿ ಈ ಪ್ರಾಣಿಯನ್ನು ಸಾಕುವ ಪೋಷಕರಿಗೆ ಉಪಯೋಗವಾದೀತು.

ಮೊದಲನೆಯದಾಗಿ, ಹೊಸ ಮರಿಯನ್ನು ಮೂರು ವಾರ ಬೇರೆ ಕೋಣೆಯಲ್ಲಿರಿಸಬೇಕು. ತುರಿಕೆಯ ಹುಳು, ಹುಳುಕಡ್ಡಿ, ನೆಗಡಿ ಮುಂತಾದುವಿದ್ದರೆ ಅಷ್ಟರಲ್ಲಿ ಬಯಲಾಗುತ್ತವೆ. ಅದು ಹೆಣ್ಣೋ ಗಂಡೋ ಎಂಬುದನ್ನು ಅಂಗಡಿಯವರ ಮಾತಿನಮೇಲೆ ನಂಬದೆ ವೈದ್ಯರಿಂದ ತಿಳಿಯಬೇಕು. ಗಂಡುಮರಿಯು ಮೂರು ನಾಲ್ಕು ವಾರಗಳಲ್ಲಿಯೇ ಸಂತಾನಶಕ್ತಿಯನ್ನು ಪಡೆಯಬಲ್ಲದು. ಎಂದೂ ಮರಿಹಾಕದೆ ವಯಸ್ಸಾದ ಹೆಣ್ಣು ಬಸುರಾದರೆ ಹೆರಿಗೆಯಲ್ಲಿ ಸಾಯುವ ಭಯವುಂಟು.

ಎರಡನೆಯದಾಗಿ, ನಡುವೆ ತಂತಿಬಲೆಯನ್ನಿಟ್ಟು ಎರಡು ಪೆಟ್ಟಿಗೆಗಳನ್ನು ಅಕ್ಕಪಕ್ಕದಲ್ಲಿರಿಸಬೇಕು. ಇವಳ ಹಾಸುಬಟ್ಟೆಯನ್ನು ಅವಳಿಗೂ ಅವಳದನ್ನು ಇವಳಿಗೂ ದಿನ ಬಿಟ್ಟು ದಿನ ಬದಲಿಸಬೇಕು. ಅವು ಪರಸ್ಪರ ಪರಿಚಯಮಾಡಿಕೊಳ್ಳುವುದು ವಾಸನೆಯಿಂದ. ಮೊದಲ ದಿನ ಗುಂಡಮ್ಮನು ಬಲೆಯ ಬಳಿ ಹಲ್ಲು ಕಡಿದಳು. ನಾಲ್ಕನೆಯ ದಿನ ಅಲ್ಲಿಯೇ ಮಲಗಿದಳು. ಆರನೆಯ ದಿನ ಬಲೆಯ ಈಚೆ ಅವಳೂ ಆಚೆ ಚುಕ್ಕಿಯೂ ಒಂದೇ ಹೊತ್ತಿಗೆ ಹುಲ್ಲು ತಿನ್ನುವುದನ್ನು ಮೊಮ್ಮಗಳು ಓಡಿಬಂದು ಹೇಳಿದಳು.

ಮೂರನೆಯದಾಗಿ, ಭೇಟಿಯ ಸ್ಥಳವು ಇಬ್ಬರದೂ ಆಗಿರಬಾರದು. ನಾವು ಪಡಸಾಲೆಯ ನೆಲವನ್ನು ತೊಳೆಸಿ, ನಡುವೆ ಗರಿಕೆಯ ದೊಡ್ಡ ರಾಶಿಯನ್ನು ಹಾಕಿದೆವು. ಅವಿತುಕೊಳ್ಳಲು ಎರಡು ರಟ್ಟಿನ ಡಬ್ಬಗಳನ್ನಿಟ್ಟು, ಒಂದೊಂದಕ್ಕೂ ಎರಡೆರಡು ಬಾಗಿಲುಗಳನ್ನು ಕೊರೆದೆವು. ಓಡಿಹೋಗಲು ದಾರಿಯಿದ್ದರೆ ಚಿಕ್ಕದಕ್ಕೆ ಧೈರ್ಯ. ಹಿಂಬಾಲಿಸುವ ದೊಡ್ಡದಕ್ಕೂ ಕೋಪ ಇಳಿಯುತ್ತದೆ. ಬಿಡಿಸಬೇಕಾದೀತೆಂದು ದಪ್ಪ ಟವೆಲನ್ನು ಕೈಯಲ್ಲಿ ಹಿಡಿದು ಕುಳಿತೆವು.

ಅಂದು ಡಿಸೆಂಬರ್ ತಿಂಗಳ ಮೊದಲ ಶನಿವಾರ. ಗುಂಡಮ್ಮನು ಮರಿಯನ್ನು ಮೂಸಿದಳು; ಗುರುಗುಟ್ಟುತ್ತ ಸೊಂಟವನ್ನಾಡಿಸಿ ಗತ್ತಿನಿಂದ ಸುತ್ತಿದಳು; ಅಟ್ಟಿಸಿಕೊಂಡು ಹೋದಳು. ನಮ್ಮ ಎದೆ ಹೊಡೆದುಕೊಂಡಿತು. ಇವೆಲ್ಲ ಹಿರಿತನವನ್ನು ಸ್ಥಾಪಿಸುವ ರೀತಿಗಳೆಂದೂ, ರಕ್ತ ಬಂದ ಹೊರತು ಅಗಲಿಸಬಾರದೆಂದೂ, ಅಗಲಿಸಿದಷ್ಟು ಸಲ ಮೊದಲಿನಿಂದ ಆರಂಭಿಸಬೇಕಾಗುವುದೆಂದೂ ವೈದ್ಯರು ಹೇಳಿದ್ದರಿಂದ ಸುಮ್ಮನಿದ್ದೆವು. ಸುಮ್ಮನಿರುವುದು ನಮಗೆ ಬಹಳ ಕಷ್ಟವಾಯಿತೆಂದು ಒಪ್ಪಿಕೊಳ್ಳುತ್ತೇವೆ. ಚುಕ್ಕಿಯು ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬಂದಳು. ಎರಡು ಗಂಟೆಗಳ ಮೇಲೆ ಗುಂಡಮ್ಮನು ಆಯಾಸಗೊಂಡು ಹುಲ್ಲಿನ ರಾಶಿಗೆ ಬಂದಳು. ಚುಕ್ಕಿಯು ಮೆಲ್ಲನೆ ಬಂದು, ಅವಳ ಬಾಯಿಂದ ಇಳಿಬಿದ್ದಿದ್ದ ಗರಿಕೆಯ ಎಸಳಿನ ಇನ್ನೊಂದು ತುದಿಯನ್ನು ಕಚ್ಚಿದಳು. ಗುಂಡಮ್ಮನು ಸುಮ್ಮನೆ ಬಿಟ್ಟುಕೊಟ್ಟಳು.

ಸಂಜೆಗೆ ಇಬ್ಬರನ್ನೂ ಎಂಟು ಚದರಡಿಗಿಂತ ದೊಡ್ಡದಾದ ಹೊಸ ಪೆಟ್ಟಿಗೆಗೆ ಸೇರಿಸಿದೆವು. ಅದರಲ್ಲಿ ಎರಡು ಬಟ್ಟಲು, ಎರಡು ನೀರಿನ ಸೀಸೆ, ಎರಡು ಗೂಡು. ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಎರಡು ಗೂಡುಗಳಲ್ಲಿ ಒಂದು ಖಾಲಿಯಾಗಿಯೇ ಇತ್ತು. ಅವರು ಒಂದರಲ್ಲೇ ಮಲಗುತ್ತಿದ್ದರು. ಆದರೂ ನಾವು ಎರಡನೆಯದನ್ನು ತೆಗೆಯಲಿಲ್ಲ. ಅದು ಇದ್ದುದರಿಂದಲೇ ಒಂದರಲ್ಲಿ ಮಲಗುವುದು ಸಾಧ್ಯವಾಯಿತೆಂದು ನಮ್ಮ ನಂಬಿಕೆ.

ನಮ್ಮ ನೆರೆಯ ರೈತರೊಬ್ಬರು ಇದನ್ನೆಲ್ಲ ಕೇಳಿ, “ಗದ್ದೆಗೆ ನೀರು ಬಿಡುವಾಗ ತೂಬು ಒಂದೇ ಸಲ ಎತ್ತಿದರೆ ಬದು ಒಡೀತೈತಮ್ಮಾ” ಎಂದರು. ಹೊಸ ನೀರು ಬಂದು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂಬ ಗಾದೆಯುಂಟಷ್ಟೆ. ಹಳಬರ ಭಯವೆಲ್ಲ ಆ ಗಾದೆಯಲ್ಲಿದೆ. ಹೊಸಬರ ಭಯವನ್ನು ನೋಡಿ ಮರುಗುವವರುಂಟು. ಹಳಬರಿಗೂ ಭಯವುಂಟೆಂದು ತಿಳಿದು, ಅವರ ಬಟ್ಟಲನ್ನು ಮುಟ್ಟದೆ ಇನ್ನೊಂದು ಬಟ್ಟಲನ್ನಿಡುವವರು ವಿರಳ. ಪ್ರೀತಿಯನ್ನು ಆಜ್ಞೆಯಿಂದ ಹುಟ್ಟಿಸಲಾಗದು. ಸ್ಥಳವನ್ನೂ ಕಾಲವನ್ನೂ ಕೊಟ್ಟು, ಹತ್ತಿರದಲ್ಲಿ ಕುಳಿತು ಕಾಯುವುದಷ್ಟೇ ನಮ್ಮ ಕೈಯಲ್ಲಿದೆ.

ಪ್ರತಿ ಜೂನ್ ತಿಂಗಳಲ್ಲಿಯೂ ನಮ್ಮ ವಸತಿಗೃಹದ ಬಾಗಿಲಿಗೆ ಟ್ರಂಕು ಹಿಡಿದ ಚಿಕ್ಕ ಹುಡುಗಿಯರು ಬಂದು ನಿಲ್ಲುವರು. ಈಗ ಅಲ್ಲಿರುವ ಹಿರಿಯ ಹುಡುಗಿಯರಿಗೆ ನಮ್ಮ ವಿಜ್ಞಾಪನೆ ಇಷ್ಟೇ: ಅವರ ಟ್ರಂಕನ್ನು ಅವರೇ ಬಿಚ್ಚಲಿ. ಮೊದಲ ದಿನವೇ ಹಾಡಿಸಬೇಡಿರಿ. ಪಕ್ಕದ ಹಾಸಿಗೆಯವಳನ್ನು ಒಂದು ಮಾತು ಕೇಳಿರಿ.

1978ರಲ್ಲಿ ಬಂದು ನಾಲ್ಕು ದಿನವಿದ್ದು ಹೋದವಳ ಕ್ಷಮೆಯನ್ನು ಬೇಡಬೇಕೆಂದು ಈ ಸಂಚಿಕೆಗಾಗಿ ತಯಾರಿಸಿದ ಹಳೆಯ ವಿದ್ಯಾರ್ಥಿನಿಯರ ಪಟ್ಟಿಯನ್ನು ತರಿಸಿ ನೋಡಿದೆವು. ಅವಳ ಹೆಸರು ಅದರಲ್ಲಿ ಇರಲಿಲ್ಲ. ಆದುದರಿಂದ ಇಲ್ಲಿಯೇ ಬೇಡುತ್ತಿದ್ದೇವೆ. ಅವಳು ಎಲ್ಲಿದ್ದರೂ ದೇವರು ಅವಳನ್ನು ಚೆನ್ನಾಗಿಟ್ಟಿರಲಿ. ನಮ್ಮ ಶಾಲೆಯು ಬಂದವರೆಲ್ಲರಿಗೂ ಸ್ಥಳವುಳ್ಳ ಮನೆಯಾಗಿ ಬಹುಕಾಲ ಬಾಳಲಿ.