ಮೊದಲು ಮನೆ, ಆಮೇಲೆ ಮಾತು

ಅಮೆರಿಕದಲ್ಲಿ ಸೂರಿಲ್ಲದ ಮಾಜಿ ಸೈನಿಕರು 2010ರಲ್ಲಿ ಸುಮಾರು 74 ಸಾವಿರ ಇದ್ದರು. 2024ರ ಎಣಿಕೆಗೆ 33 ಸಾವಿರದೊಳಗೆ ಬಂದರು. ಅದೇ ವರ್ಷ ಆ ದೇಶದ ಒಟ್ಟು ನಿರ್ವಸತಿಗರು ಮಾತ್ರ ಶೇ. 18ರಷ್ಟು ಹೆಚ್ಚಿದ್ದರು. ಅಂದಮೇಲೆ ಈ ಇಳಿಕೆ ಒಳ್ಳೆಯ ಕಾಲದ ಫಲವಲ್ಲ, ಮೊದಲು ಮನೆ ಕೊಡುವ ಯೋಜನೆಯ ಫಲ. ಮಾಜಿ ಸೈನಿಕ ಬಾಡಿಗೆಗೆ ತನ್ನ ಆದಾಯದ ಸುಮಾರು ಶೇ. 30 ಕೊಟ್ಟರೆ ಉಳಿದದ್ದನ್ನು ಸರ್ಕಾರದ ವೋಚರ್ ತುಂಬುತ್ತದೆ. ಚಿಕಿತ್ಸೆ, ಅರ್ಜಿಗಳ ಓಡಾಟಕ್ಕೆ ಜೊತೆಗೊಬ್ಬ ಸಮಾಜ ಕಾರ್ಯಕರ್ತರಿರುತ್ತಾರೆ. ಕುಡಿತ ಬಿಡದವರಿಗೂ ಮನೆಯೇ ಎಂದು ಮೂಗು ಮುರಿಯುವವರಿದ್ದಾರೆ. ಸರಿ, ಫುಟ್‌ಪಾತಿನಲ್ಲಿ ಮಲಗುವವನು ಮಾತ್ರೆ ಎಲ್ಲಿಡಬೇಕು, ಆಸ್ಪತ್ರೆಯ ಪತ್ರ ಯಾವ ವಿಳಾಸಕ್ಕೆ ಬರಬೇಕು? ವೋಚರ್ ಇದ್ದರೂ ಲಾಸ್ ಏಂಜಲೀಸ್‌ನಂಥ ದುಬಾರಿ ಊರಲ್ಲಿ ಮನೆ ಸಿಗದೆಂಬ ದೂರು ಮಾತ್ರ ನಿಜ. ಮಾಜಿ ಸೈನಿಕರ ವಸತಿಗೆಂದೇ 1888ರಲ್ಲಿ ದಾನ ಬಂದ ಜಮೀನು ಅಲ್ಲೇ ಇದೆ. ಅದರಲ್ಲಿ ಮನೆ ಕಟ್ಟಿ ಎಂದು 2024ರಲ್ಲಿ ಕೋರ್ಟೇ ಹೇಳಬೇಕಾಯಿತು.