ಪಿಲಿಯ ಕೆರೆಗೆ ಪುಟ್ಟ ಹೆಜ್ಜೆ

ಮಂಗಳೂರು ನಗರದ ಪೂರ್ವದ ಅಂಚಿನಲ್ಲಿ, ಪದವು ಪ್ರದೇಶದ ಏರುತಗ್ಗುಗಳ ಮೇಲೆ ಶಕ್ತಿನಗರ ಹರಡಿಕೊಂಡಿದೆ. ತುಳುವಿನಲ್ಲಿ ಪದವು ಎಂದರೆ ಮುರಕಲ್ಲಿನ ಎತ್ತರದ ಬಯಲು. ಕೊಂಕಣಿಗರಿಗೆ ಈ ಊರು ವಿಶ್ವ ಕೊಂಕಣಿ ಕೇಂದ್ರ ಮತ್ತು ಕಲಾಂಗಣದಿಂದಾಗಿ ಪರಿಚಿತ. ಉಳಿದವರ ಪಾಲಿಗೆ ಇದು ತೆಂಗು, ಮಾವುಗಳ ನಡುವೆ ಮನೆಗಳು ಒತ್ತೊತ್ತಾಗಿ ಎದ್ದಿರುವ ಒಂದು ಬಡಾವಣೆ. ದುಡಿಯುವ ಮಗ ಕೊಲ್ಲಿ ರಾಷ್ಟ್ರದಲ್ಲಿ, ಸೊಸೆ ಮತ್ತು ಮೊಮ್ಮಕ್ಕಳು ಅಜ್ಜ ಅಜ್ಜಿಯ ಬಳಿಯಲ್ಲಿ ಇರುವ ಮನೆಗಳು ಇಲ್ಲಿ ಹಲವು. ಅಂಥ ಒಂದು ಮನೆಯಲ್ಲಿ ಕಳೆದ ದಸರಾ ರಜೆಯಲ್ಲಿ ನಡೆದ ಸಂಗತಿ ಇದು.

ಮಗ ಬಂದದ್ದು 22 ದಿನಗಳ ರಜೆಯಲ್ಲಿ. ದೊಡ್ಡ ಮಗುವಿಗೆ ಮೂರೂವರೆ ವರ್ಷ, ಚಿಕ್ಕವಳಿಗೆ 19 ತಿಂಗಳು. ಚಿಕ್ಕವಳಿಗೆ ಅಪ್ಪ ಎಂದರೆ ಅಮ್ಮನ ಫೋನಿನೊಳಗೆ ನಗುವ ಒಂದು ಮುಖ. ಆ ಮುಖಕ್ಕೆ ಕೈಕಾಲು ಮೂಡಿ, ವಿಮಾನ ನಿಲ್ದಾಣದಿಂದ ಮನೆಗೇ ಬಂದು ಎತ್ತಿಕೊಳ್ಳಲು ಹೊರಟಾಗ ಅವಳು ಕಿರುಚಿ ಅಜ್ಜಿಯ ಸೆರಗಿನ ಹಿಂದೆ ಅಡಗಿದಳು. ಅಪ್ಪನ ಮುಖ ಸಪ್ಪಗಾಯಿತು. ಮಾರನೆಯ ದಿನವೇ ಆತ ಒಂದು ದೊಡ್ಡ ಯೋಜನೆ ಮುಂದಿಟ್ಟ. ಎಲ್ಲರೂ ಬೆಂಗಳೂರಿಗೆ ಹೋಗುವುದು, ಬಿಡದಿಯ ಬಳಿಯ ವಂಡರ್‌ಲಾದಲ್ಲಿ ಎರಡು ದಿನ ಕಳೆಯುವುದು, ಮಕ್ಕಳು ಜೀವಮಾನವಿಡೀ ನೆನಪಿಡುವಂಥ ಪ್ರವಾಸ ಮಾಡುವುದು.

ಯೋಜನೆಯ ಲೆಕ್ಕಾಚಾರ ಆ ಮನೆಯಲ್ಲೇ ಇದ್ದ ಅಕ್ಕನ ಮಗಳ ಪಾಲಿಗೆ ಬಂತು. ಒಂಬತ್ತನೆಯ ತರಗತಿಯ ಹುಡುಗಿ. ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ದೂರ, ಖರ್ಚು, ಸಮಯ ಎಂದು ಮೂರು ಕಂಬ ಎಳೆದು ಕುಳಿತಳು. ಬರೆಯುತ್ತಾ ಹೋದಂತೆ ನಾಲ್ಕನೆಯ ಕಂಬವೊಂದು ಬೇಕಾಯಿತು. ಅದರ ತಲೆಬರಹ: ಮಗು.

<b>ಬಾಗಿಲ ಚೌಕಟ್ಟಿನ ಗೆರೆ</b>

ಹುಡುಗಿ ಮೊದಲು ಮಾಡಿದ ಕೆಲಸ, ಇಬ್ಬರು ಮಕ್ಕಳನ್ನೂ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ಪೆನ್ಸಿಲಿನಿಂದ ಗೆರೆ ಎಳೆದದ್ದು. ದೊಡ್ಡವ 98 ಸೆಂ.ಮೀ., ಚಿಕ್ಕವಳು 80 ಸೆಂ.ಮೀ. ಮನೋರಂಜನಾ ಉದ್ಯಾನಗಳಲ್ಲಿ ರೋಲರ್ ಕೋಸ್ಟರಿನಂಥ ದೊಡ್ಡ ಸವಾರಿಗಳಿಗೆ ವಯಸ್ಸಿಗಿಂತ ಎತ್ತರವೇ ಮುಖ್ಯ. ಸಾಮಾನ್ಯವಾಗಿ 120 ಸೆಂ.ಮೀ., ಕೆಲವಕ್ಕೆ 140 ಸೆಂ.ಮೀ. ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಕೋಷ್ಟಕದಂತೆ ಮಗು 120 ಸೆಂ.ಮೀ. ಮುಟ್ಟುವುದು ಸುಮಾರು ಏಳನೆಯ ವಯಸ್ಸಿಗೆ.

ಈ ನಿಯಮ ಸುಮ್ಮನೆ ಮಾಡಿದ್ದಲ್ಲ. ಸವಾರಿಯ ಆಸನದ ಅಡ್ಡಪಟ್ಟಿ ಒಂದು ಗಾತ್ರದ ದೇಹವನ್ನು ಹಿಡಿದಿಡುವಂತೆ ರೂಪಿಸಿದ್ದು. ಅದಕ್ಕಿಂತ ಚಿಕ್ಕ ದೇಹ ಪಟ್ಟಿಯ ಕೆಳಗಿನಿಂದ ಜಾರಬಹುದು. ಇನ್ನೊಂದು ಕಾರಣ ಮಗುವಿನ ಶರೀರದಲ್ಲೇ ಇದೆ. ದೇಹಕ್ಕೆ ಹೋಲಿಸಿದರೆ ಪುಟ್ಟ ಮಗುವಿನ ತಲೆ ದೊಡ್ಡದು, ಕತ್ತಿನ ಸ್ನಾಯುಗಳು ಎಳೆಯವು. ಥಟ್ಟನೆ ತಿರುಗಿ ಥಟ್ಟನೆ ನಿಲ್ಲುವ ಯಂತ್ರದಲ್ಲಿ ದೊಡ್ಡವರಿಗೆ ಕಚಗುಳಿ ಎನಿಸುವ ಎಳೆತ, ಮಗುವಿನ ಕತ್ತಿಗೆ ಪೆಟ್ಟಾಗಬಹುದು.

“ಮಾಮ, ನಾವು ದೊಡ್ಡವರು ತಿರುಗುವುದನ್ನು ಇವರು ಕೆಳಗೆ ನಿಂತು ನೋಡಬೇಕಷ್ಟೆ” ಎಂದಳು ಹುಡುಗಿ.

ಇಂಥ ಉದ್ಯಾನಗಳ ಹುಟ್ಟಿನ ಹಿಂದೆ ಇದೇ ಕೊರತೆಯ ಕಥೆಯಿದೆ. ಅಮೆರಿಕದ ವಾಲ್ಟ್ ಡಿಸ್ನಿ ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ತಮ್ಮ ಹೆಣ್ಣುಮಕ್ಕಳನ್ನು ತಿರುಗುವ ಕುದುರೆಗಳ ಮೇಲೆ ಕೂರಿಸಿ, ತಾವು ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದರು. ಹೆತ್ತವರೂ ಮಕ್ಕಳೂ ಒಟ್ಟಾಗಿ ಆನಂದಿಸುವ ಜಾಗ ಏಕಿಲ್ಲ ಎಂಬ ಯೋಚನೆ ತಮಗೆ ಬಂದದ್ದು ಅಲ್ಲಿಯೇ ಎಂದು ಅವರು ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆಯಿತು. ನಮ್ಮಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ ಆರಂಭವಾಗಿ 2008ರಲ್ಲಿ ಮುಚ್ಚಿತು. 1989ರಲ್ಲಿ ಮುಂಬಯಿಯ ಎಸ್ಸೆಲ್ ವರ್ಲ್ಡ್, 2005ರಲ್ಲಿ ಬಿಡದಿಯ ವಂಡರ್‌ಲಾ ಬಂದವು. ಯಂತ್ರಗಳು ದೊಡ್ಡದಾಗುತ್ತ ಹೋದಂತೆ ಬೆಂಚಿನ ಮೇಲೆ ಕೂರುವವರು ಅದಲುಬದಲಾದರು. ಈಗ ತೀರಾ ಪುಟ್ಟ ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡ ತಾಯಂದಿರೇ ಅಲ್ಲಿ ಹೆಚ್ಚು ಕುಳಿತಿರುತ್ತಾರೆ.

<b>ಚಿಕ್ಕ ಇಡ್ಲಿ ಬೇಗ ಆರುತ್ತದೆ</b>

ನಾಲ್ಕನೆಯ ಕಂಬ ಉದ್ದವಾಗುತ್ತ ಹೋಯಿತು. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿ.ಮೀ., ನಡುವೆ ಶಿರಾಡಿ ಘಾಟಿ. ಒಳಕಿವಿಯ ಸಮತೋಲನದ ಅಂಗಕ್ಕೂ ಕಣ್ಣಿಗೂ ಹೊಂದಿಕೆ ತಪ್ಪಿದಾಗ ಪ್ರಯಾಣದ ವಾಂತಿ ಬರುತ್ತದೆ. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇದು ಅಪರೂಪ. ಆದರೆ ಮೂರೂವರೆಯವನು ಘಾಟಿಯ ತಿರುವುಗಳಲ್ಲಿ ಪಾರಾಗುತ್ತಾನೆಂಬ ಭರವಸೆ ಇಲ್ಲ.

ಎರಡನೆಯದು ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರುವಂತೆ ಒಂದರಿಂದ ಎರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಹಗಲಿನ ನಿದ್ದೆಯೂ ಇದರಲ್ಲಿ ಸೇರಿದೆ. ಮಧ್ಯಾಹ್ನದ ನಿದ್ದೆ ತಪ್ಪಿದ ಮಗು ಸಂಜೆ ಹಟ ಹಿಡಿದರೆ ಅದು ಗುಣದ ದೋಷವಲ್ಲ, ದಣಿವು.

ಮೂರನೆಯದು ಬಿಸಿ. ಹುಡುಗಿ ಇಲ್ಲಿ ತರಗತಿಯ ಪಾಠವನ್ನೇ ಹಾಳೆಗಿಳಿಸಿದಳು. ಒಂದು ಸೆಂ.ಮೀ. ಬದಿಯ ಘನದ ಮೇಲ್ಮೈ 6, ಗಾತ್ರ 1. ಬದಿ ಎರಡು ಸೆಂ.ಮೀ. ಆದರೆ ಮೇಲ್ಮೈ 24, ಗಾತ್ರ 8. ಅಂದರೆ ವಸ್ತು ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು. ಚಿಕ್ಕ ಇಡ್ಲಿ ದೊಡ್ಡ ಇಡ್ಲಿಗಿಂತ ಬೇಗ ಆರುವುದು ಇದೇ ಕಾರಣಕ್ಕೆ. ಹಾಗೆಯೇ ಪುಟ್ಟ ದೇಹ ಉರಿಬಿಸಿಲಿನಲ್ಲಿ ಬೇಗ ಕಾಯುತ್ತದೆ, ನೀರಿನಲ್ಲಿ ನೆನೆದರೆ ಬೇಗ ತಣ್ಣಗಾಗಿ ನಡುಗುತ್ತದೆ. ಕರಾವಳಿಯಲ್ಲಿ ಗಾಳಿಯ ತೇವ ಹೆಚ್ಚಿರುವುದರಿಂದ ಬೆವರು ಸುಲಭವಾಗಿ ಆರದೆ ಸೆಕೆ ಇನ್ನಷ್ಟು ಕಾಡುತ್ತದೆ.

ನಾಲ್ಕನೆಯ ಮಾತು ನೀರಾಟದ್ದು. ಕೊಳಗಳಿಗೆ ಕ್ಲೋರಿನ್ ಹಾಕಿದರೂ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಮ್ ಎಂಬ ಸೂಕ್ಷ್ಮಜೀವಿ ಅದರಲ್ಲಿ ದಿನಗಟ್ಟಲೆ ಬದುಕಬಲ್ಲುದು. ಡಯಪರ್ ತೊಟ್ಟ ಮಕ್ಕಳಿಂದ ಅದು ನೀರಿಗೆ ಸೇರುವುದು ಸುಲಭ, ಆ ನೀರನ್ನು ನುಂಗುವವರೂ ಮಕ್ಕಳೇ. ಎಲ್ಲಕ್ಕಿಂತ ಮುಖ್ಯವಾಗಿ, ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೂಗಿ ಕರೆಯುವುದಿಲ್ಲ. ಅಂಗೈ ಆಳದ ನೀರಿನಲ್ಲೂ ಸದ್ದಿಲ್ಲದೆ ಅನಾಹುತ ಆಗಿಬಿಡಬಹುದು. ನೀರಿನ ಬಳಿ ಮಗು ಹಿರಿಯರ ಕೈಗೆ ಎಟಕುವಷ್ಟು ದೂರದಲ್ಲೇ ಇರಬೇಕು. ಆ ಹಿರಿಯರ ಕೈಯಲ್ಲಿ ಫೋನ್ ಇರಬಾರದು.

ಹಾಳೆಯನ್ನು ಓದಿದ ಅಪ್ಪನಿಗೆ ಸಿಟ್ಟೇ ಬಂತು. “ಹಾಗಾದರೆ ರಜೆಯಿಡೀ ಮನೆಯಲ್ಲೇ ಕೂರುವುದೋ? ನಾನು ಮತ್ತೆ ಬರುವುದು ಮುಂದಿನ ವರ್ಷ. ಇವರಿಗೆ ನೆನಪಿನಲ್ಲಿ ಉಳಿಯುವಂಥದ್ದು ಏನಾದರೂ ಬೇಡವೋ?”

ಅಜ್ಜಿ ಮಣ್ಣಿ ಕಲಕುತ್ತಿದ್ದವರು ತಿರುಗಿ ನೋಡಿದರು. “ನೆನಪಿನ ಮಾತು ಆಮೇಲೆ ಮಾರಾಯ. ಚಿಕ್ಕವಳಿಗೆ ನಿನ್ನ ಗುರುತಾಗಲಿ ಮೊದಲು.”

ಅಜ್ಜಿಯ ಮಾತಿಗೆ ಮನೋವಿಜ್ಞಾನದ ಬೆಂಬಲವೂ ಇದೆ. ದೊಡ್ಡವರಾದ ಮೇಲೆ ನಮ್ಮಲ್ಲಿ ಹೆಚ್ಚಿನವರಿಗೆ ಮೂರು, ಮೂರೂವರೆ ವರ್ಷಕ್ಕಿಂತ ಹಿಂದಿನ ಘಟನೆಗಳು ನೆನಪಿರುವುದಿಲ್ಲ. ಲಕ್ಷ ರೂಪಾಯಿ ಸುರಿದು ತೋರಿಸಿದರೂ 19 ತಿಂಗಳ ಮಗು ಅದನ್ನು ಮರೆಯುತ್ತದೆ. ಆದರೆ ಯಾರ ತೋಳಿನಲ್ಲಿ ಭಯವಿಲ್ಲ ಎಂಬುದನ್ನು ಅದು ಈ ವಯಸ್ಸಿನಲ್ಲೇ ಕಲಿಯುತ್ತದೆ. ಅದನ್ನು ಕಲಿಸಲು ಗದ್ದಲದ ಜಾಗ ಅನುಕೂಲವಲ್ಲ.

ಎಲ್ಲಿಗೆ ಹೋಗುವುದೆಂದು ತೀರ್ಮಾನಿಸಿದವನು ಮೂರೂವರೆಯ ಪೋರ. ಮಂಗಳೂರು ದಸರಾದ ಹುಲಿವೇಷ ಮನೆಯಂಗಳಕ್ಕೆ ಬಂದಾಗ ತಾಸೆಯ ಸದ್ದಿಗೆ ಹೆದರಿ ಒಳಗೆ ಓಡಿದವನು, ವೇಷದವರು ಹೋದ ಮೇಲೆ ಎರಡು ದಿನ ಒಂದೇ ರಾಗ ಹಿಡಿದಿದ್ದ: “ಪಿಲಿ ತೂವೊಡು.” ಅವನಿಗೆ ನಿಜವಾದ ಹುಲಿಯನ್ನು ನೋಡಬೇಕಿತ್ತು.

<b>ಹುಲಿ ಮಲಗಿತ್ತು</b>

ಹುಲಿಯ ಹೆಸರಿನ ಊರೇ ಪಕ್ಕದಲ್ಲಿದೆ. ಪಿಲಿ ಎಂದರೆ ಹುಲಿ, ಕುಳ ಎಂದರೆ ಕೆರೆ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಕೆರೆಯಿಂದ ಪಿಲಿಕುಳ ಎಂಬ ಹೆಸರು ಬಂತೆಂದು ಹೇಳುತ್ತಾರೆ. ಶಕ್ತಿನಗರದಿಂದ ಕುಲಶೇಖರಕ್ಕೆ ಇಳಿದು, ಮೂಡುಬಿದಿರೆ ಕಡೆಗಿನ ರಾಷ್ಟ್ರೀಯ ಹೆದ್ದಾರಿ 169 ಹಿಡಿದು, ವಾಮಂಜೂರಿನಲ್ಲಿ ಹೊರಳಿದರೆ ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ ಸಿಗುತ್ತದೆ. ದೂರ ಹತ್ತು ಕಿ.ಮೀ.ಗೂ ಕಡಿಮೆ. ಮಕ್ಕಳಿಗಾಗಿ ‘ಬಾಲ ಪ್ರಪಂಚ’ದಂಥ ವಿಶ್ವಕೋಶ ಬರೆದು, ಪುತ್ತೂರಿನಲ್ಲಿ ಬಾಲವನ ಕಟ್ಟಿದ ಕಾರಂತರ ಹೆಸರು ಇಂಥ ಜಾಗಕ್ಕೆ ಒಪ್ಪುವಂಥದ್ದು.

350 ಎಕರೆಗೂ ಹೆಚ್ಚು ವಿಸ್ತಾರದ ಈ ಧಾಮದಲ್ಲಿ ಪ್ರಾಣಿ ಸಂಗ್ರಹಾಲಯ, ಕೆರೆ, ಸಸ್ಯೋದ್ಯಾನ, ಪ್ರಾದೇಶಿಕ ವಿಜ್ಞಾನ ಕೇಂದ್ರ, ಕುಶಲಕರ್ಮಿಗಳ ಗ್ರಾಮ, ತುಳುನಾಡಿನ ಹಳೆಯ ವೈಭವ ತೋರಿಸುವ ಗುತ್ತುಮನೆ, 2018ರಲ್ಲಿ ತೆರೆದ ಸ್ವಾಮಿ ವಿವೇಕಾನಂದ ತ್ರೀಡಿ ತಾರಾಲಯ ಇವೆ. ಕಾಳಿಂಗ ಸರ್ಪಗಳ ಸಂತಾನಾಭಿವೃದ್ಧಿಗೆ ಇಲ್ಲಿನ ಸಂಗ್ರಹಾಲಯ ಹೆಸರಾಗಿದೆ. ಮಾನಸ ಎಂಬ ಜಲ ಉದ್ಯಾನವೂ ಈ ಆವರಣದಲ್ಲೇ ತಲೆಯೆತ್ತಿತು. ಒಂದೇ ದಿನ ಎಲ್ಲವನ್ನೂ ನೋಡಿ ಮುಗಿಸುವ ಹಂಬಲ ಹುಟ್ಟುವುದು ಸಹಜ. ಹುಡುಗಿ ಬರೆದ ಕಾರ್ಯಕ್ರಮದಲ್ಲಿ ಇದ್ದದ್ದು ಒಂದೇ ಸಾಲು: ಬೆಳಿಗ್ಗೆ ಹುಲಿ, ಹನ್ನೆರಡಕ್ಕೆ ವಾಪಸು. ಕತ್ತಲ ಗುಮ್ಮಟದೊಳಗಿನ ಭಾರೀ ಸದ್ದಿಗೆ ಪುಟ್ಟವರು ಬೆದರಬಹುದೆಂದು ತಾರಾಲಯವನ್ನು ಅವಳು ತನಗಾಗಿ ಇನ್ನೊಂದು ದಿನಕ್ಕೆ ಕಾದಿರಿಸಿಕೊಂಡಳು.

ಬೆಳಿಗ್ಗೆ ಮಣ್ಣಿ ತಿನ್ನಿಸಿ, ಕದಳಿ ಬಾಳೆಹಣ್ಣು, ಕುದಿಸಿ ಆರಿಸಿದ ನೀರು, ಎರಡು ಬೈರಾಸು, ಬದಲಿ ಬಟ್ಟೆ ಚೀಲಕ್ಕೆ ಹಾಕಿ ಹೊರಟರು. ಹೊರಡುವ ಮೊದಲು ಹುಡುಗಿ ಇಬ್ಬರ ಫೋಟೋ ತೆಗೆದಳು. ಮಗು ಜನರ ನಡುವೆ ತಪ್ಪಿಸಿಕೊಂಡರೆ ಈ ದಿನ ತೊಟ್ಟ ಅಂಗಿಯ ಬಣ್ಣವನ್ನು ಗಾಬರಿಯಲ್ಲಿ ನೆನಪಿಸಿಕೊಳ್ಳುವುದು ಕಷ್ಟ. ದೊಡ್ಡವನ ತೋಳಿನ ಒಳಬದಿಗೆ ಪೆನ್ನಿನಿಂದ ಫೋನ್ ನಂಬರ್ ಕೂಡ ಬರೆದಳು.

ಹುಲಿ ಮಲಗಿತ್ತು! ಬೆಕ್ಕಿನ ಕುಲದ ದೊಡ್ಡ ಪ್ರಾಣಿಗಳೆಲ್ಲ ಹಗಲಿನ ಬಹುಪಾಲನ್ನು ವಿಶ್ರಾಂತಿಯಲ್ಲಿ ಕಳೆಯುತ್ತವೆ. ಅಪ್ಪನಿಗೆ ನಿರಾಸೆ. ಮಗನಿಗೆ ಮಾತ್ರ ಮಹದಾನಂದ. ತುಟಿಗೆ ಬೆರಳಿಟ್ಟು ಹಿಂದೆ ಬಂದವರನ್ನೆಲ್ಲ ಸುಮ್ಮನಿರಿಸಲು ಹೊರಟ. ತನಗೂ ಮಧ್ಯಾಹ್ನ ಮಲಗಲು ಹೇಳುತ್ತಾರೆ, ಹುಲಿಗೂ ಹೇಳಿರಬೇಕು ಎಂಬುದು ಅವನ ತರ್ಕ.

ಚಿಕ್ಕವಳು ಹುಲಿಯತ್ತ ಸರಿಯಾಗಿ ನೋಡಲೂ ಇಲ್ಲ. ಅವಳ ಕಣ್ಣಿಗೆ ಬಿದ್ದದ್ದು ದಾರಿಬದಿಯ ಮರದಲ್ಲಿ ಎಲೆಗಳನ್ನು ಹೊಲಿದು ಕಟ್ಟಿದ ಚಗಳಿ ಇರುವೆಯ ಗೂಡು. ಈ ಕೆಂಪಿರುವೆಗಳು ಸಾಲಾಗಿ ನಿಂತು ಎಲೆಯ ಅಂಚುಗಳನ್ನು ಹತ್ತಿರಕ್ಕೆ ಎಳೆಯುತ್ತವೆ. ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು ಅಂಚಿನಿಂದ ಅಂಚಿಗೆ ಆಡಿಸುತ್ತವೆ. ಮರಿಹುಳು ಹೊರಬಿಡುವ ರೇಷ್ಮೆಯೇ ದಾರ. ಗೂಡು ಮಗುವಿನ ಕಣ್ಣಿಗಿಂತ ತುಂಬ ಎತ್ತರದಲ್ಲಿತ್ತು. ಅವಳು ಕತ್ತು ಚಾಚಿದಳು, ಬೆರಳು ತೋರಿದಳು, ಸುತ್ತ ನೋಡಿದಳು. ಅಲ್ಲಿ ಎಲ್ಲರಿಗಿಂತ ಎತ್ತರದವನು ಅಪ್ಪ. ಕಡೆಗೆ ಎರಡೂ ಕೈ ಮೇಲೆತ್ತಿ ಅವನೆದುರು ನಿಂತಳು.

ಇರುವೆ ಕಚ್ಚದಷ್ಟು ದೂರದಲ್ಲಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಪ್ಪ ಇಪ್ಪತ್ತು ನಿಮಿಷ ನಿಂತ. ಕಾರಿನವರೆಗೂ ಅವಳು ಇಳಿಯಲಿಲ್ಲ. ವಾಮಂಜೂರು ದಾಟುವಷ್ಟರಲ್ಲಿ ಅವನ ಎದೆಗೊರಗಿ ನಿದ್ದೆ ಹೋದಳು.

ಉಳಿದ ರಜೆಯಲ್ಲಿ ಅವರು ಪಿಲಿಕುಳಕ್ಕೆ ಇನ್ನೆರಡು ಸಲ ಹೋದರು. ಕೆರೆಗೊಂದು ಬೆಳಿಗ್ಗೆ, ಗುತ್ತುಮನೆಗೊಂದು ಬೆಳಿಗ್ಗೆ. ದೊಡ್ಡ ಉದ್ಯಾನಗಳಿಗೆ ಹೋಗಲೇಬಾರದೆಂದು ಇದರ ಅರ್ಥವಲ್ಲ. ಹೈಸ್ಕೂಲು ಮಕ್ಕಳಿಗೆ ಲೋಲಕ, ವೃತ್ತೀಯ ಚಲನೆ, ಶಕ್ತಿಯ ರೂಪಾಂತರಗಳನ್ನು ಮೈಯಲ್ಲೇ ಅನುಭವಿಸಲು ಅದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಪುಟ್ಟವರ ಸರದಿಯೂ ಬರುತ್ತದೆ. ಶಕ್ತಿನಗರದ ಆ ಬಾಗಿಲ ಚೌಕಟ್ಟಿನ ಮೇಲೆ ಹೊರಡುವ ಹಿಂದಿನ ರಾತ್ರಿ ಅಪ್ಪ ಇನ್ನೊಂದು ಗೆರೆ ಎಳೆದಿದ್ದಾನೆ, 120 ಸೆಂ.ಮೀ.ಗೆ. ಅಲ್ಲಿಗೆ ತಲೆ ಮುಟ್ಟಿದ ವರ್ಷ ಬಿಡದಿಗೆ ಪ್ರಯಾಣ.

<b>ಹೋಗುವ ಮುನ್ನ</b>

* ಪಿಲಿಕುಳಕ್ಕೆ ಸಾಮಾನ್ಯವಾಗಿ ಸೋಮವಾರ ರಜೆ. ಹಬ್ಬದ ದಿನಗಳಲ್ಲಿ ಬದಲಾಗುವುದುಂಟು. ಯಾವ ಯಾವ ವಿಭಾಗ ತೆರೆದಿದೆ ಎಂದು ಮೊದಲೇ ವಿಚಾರಿಸಿಕೊಳ್ಳಿ.
* ಮೂಡುಬಿದಿರೆ ಕಡೆಗೆ ಹೋಗುವ ಬಸ್ಸುಗಳಲ್ಲಿ ವಾಮಂಜೂರಿನಲ್ಲಿ ಇಳಿದು ಆಟೋ ಹಿಡಿಯಬಹುದು.
* ಪುಟ್ಟ ಮಕ್ಕಳಿದ್ದರೆ ಬೆಳಗಿನ ಹೊತ್ತೇ ಸರಿ. ದಸರಾ ದಿನಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು.
* ಟೋಪಿ, ಹತ್ತಿಯ ಬಟ್ಟೆ, ಕುಡಿಯುವ ನೀರು ಮರೆಯಬೇಡಿ. ಮಗು ಕೇಳುವವರೆಗೆ ಕಾಯದೆ ಆಗಾಗ ಗುಟುಕು ನೀರು ಕೊಡಿ.
* ದೊಡ್ಡ ಉದ್ಯಾನಗಳಿಗೆ ಹೊರಡುವುದಾದರೆ ಮನೆಯಲ್ಲೇ ಮಕ್ಕಳ ಎತ್ತರ ಅಳೆಯಿರಿ, ಹಾಲೂಡಿಸಲು ಮತ್ತು ಬಟ್ಟೆ ಬದಲಿಸಲು ಜಾಗವಿದೆಯೇ ಎಂದು ಕೇಳಿ. ತಂದೆ ಸವಾರಿ ಮಾಡುವಾಗ ತಾಯಿ ಮಗುವಿನ ಬಳಿ, ಆಮೇಲೆ ತಾಯಿಯ ಸರದಿಗೆ ತಂದೆ. ಡಿಸ್ನಿ ಉದ್ಯಾನಗಳಲ್ಲಿ ಹೀಗೆ ಬದಲಾಗುವವರು ಮತ್ತೆ ಇಡೀ ಸಾಲು ನಿಲ್ಲಬೇಕಾಗಿಲ್ಲ. ನಾವು ಹೋಗುವಲ್ಲಿ ಆ ಸೌಲಭ್ಯ ಇದೆಯೇ ಎಂದು ಕೇಳಲು ಸಂಕೋಚ ಬೇಡ.