ದಾಖಲೆಯ ವಹಿಯಲ್ಲಿ ತವರಿನ ಹೆಸರು

ನಮ್ಮ ಶಾಲೆಯ ಹಳೆಯ ದಾಖಲೆಯ ವಹಿಗಳನ್ನು ಕೇಳಿಕೊಂಡು ಬರುವವರಲ್ಲಿ ಬಹುಜನರು ಎರಡು ಕಾರಣಗಳಿಂದ ಬರುತ್ತಾರೆ. ಜನ್ಮದಿನಾಂಕವನ್ನು ಸ್ಥಿರಪಡಿಸಿಕೊಳ್ಳುವುದು ಒಂದು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿಯ ಅನುಕೂಲಕ್ಕಾಗಿ ತಾವು ಈ ಸೀಮೆಯವರೆಂಬುದಕ್ಕೆ ಆಧಾರವನ್ನು ಪಡೆಯುವುದು ಇನ್ನೊಂದು. ಇವೆರಡೂ ಅವಶ್ಯವಾದ ಕೆಲಸಗಳೇ ಸರಿ. ಆದರೆ ಈಚೆಗೆ ಮೂರನೆಯ ಕಾರಣದಿಂದ ಬರುವವರೂ ಉಂಟು. ತಮ್ಮ ಅಜ್ಜಿ ಇಲ್ಲಿ ಕಲಿತಿದ್ದರಂತೆ, ಆಗ ಅವರ ಹೆಸರೇನಿತ್ತೆಂದು ನೋಡಿ ಹೇಳಬೇಕೆಂದು ಅವರು ಕೇಳುತ್ತಾರೆ.

ಅಜ್ಜಿಯ ಹೆಸರನ್ನು ಮೊಮ್ಮಗಳು ಅರಿಯದಿರುವುದಕ್ಕೆ ಆಶ್ಚರ್ಯಪಡಬೇಕಾಗಿಲ್ಲ. ಬಸವಕಲ್ಯಾಣ ಹುಮನಾಬಾದ್ ಕಡೆಯ ಅನೇಕ ಮನೆತನಗಳಲ್ಲಿ ಸೊಸೆಗೆ ಮದುವೆಯ ವೇಳೆ ಹೊಸ ಹೆಸರಿಡುವ ರೂಢಿಯಿತ್ತು. ತವರಿನ ಹೆಸರು ತವರಿನಲ್ಲಿಯೇ ಉಳಿಯಿತು. ಅಲ್ಲಿಯ ಹಿರಿಯರು ತೀರಿಕೊಂಡ ಮೇಲೆ ಆ ಹೆಸರೂ ತೀರಿತು. ಹೊಲದ ಕಾಗದಗಳಲ್ಲಿ ಹೆಚ್ಚಾಗಿ ಗಂಡಸರ ಹೆಸರುಗಳೇ. ಎತ್ತಿನೊಂದಿಗೆ ಊರೂರು ತಿರುಗಿ ವಂಶಾವಳಿಯನ್ನು ಹೇಳುತ್ತಿದ್ದ ಹೆಳವರ ಲೆಕ್ಕವೂ ಮುಖ್ಯವಾಗಿ ತಂದೆಯಿಂದ ಮಗನಿಗೆ ಸಾಗುವಂಥದು. ಹೀಗಿರಲಾಗಿ, ಹೆಣ್ಣುಮಗಳೊಬ್ಬಳು ತನ್ನ ಸ್ವಂತ ಹೆಸರಿನಿಂದ ಕಾಗದದ ಮೇಲೆ ಕಾಣಿಸಿಕೊಂಡ ಒಂದೇ ಸ್ಥಳವು ಹೆಣ್ಣುಮಕ್ಕಳ ಶಾಲೆಯ ವಹಿಯಾಗಿರುವುದು ಅಪರೂಪವಲ್ಲ.

ಕೆಲವು ವರ್ಷಗಳ ಕೆಳಗೆ ಪುಣೆಯಿಂದ ಒಬ್ಬ ಮಹಿಳೆ ಬಂದಿದ್ದರು. ಅಜ್ಜಿಯ ತಂದೆಯ ಹೆಸರು, ಅವರ ಹಳ್ಳಿ, 1948ರ ಪೋಲೀಸು ಕಾರ್ಯಾಚರಣೆಯ ಮರುವರ್ಷ ಮದುವೆಯಾಯಿತೆಂಬ ಮಾತು, ಇಷ್ಟೇ ಅವರಲ್ಲಿದ್ದ ಸಾಮಗ್ರಿ. ನಾವು ವಿದ್ಯಾರ್ಥಿನಿಯ ಹೆಸರನ್ನು ಬಿಟ್ಟು ತಂದೆಯ ಹೆಸರಿನ ಅಂಕಣವನ್ನು ಹಿಡಿದು ಹುಡುಕಿದೆವು. ಊರು ಹೊಂದಿತು. ಶಾಲೆ ಬಿಟ್ಟ ಕಾರಣದ ಅಂಕಣದಲ್ಲಿ ‘ವಿವಾಹ’ ಎಂದು ಬರೆದಿತ್ತು, ವರ್ಷವೂ ಹೊಂದಿತು. ಅಲ್ಲಿದ್ದ ಹೆಸರನ್ನು ಓದಿ ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಮ್ಮ ಮನೆಯಲ್ಲಿ ಒಂದು ಹಿತ್ತಾಳೆಯ ತಂಬಿಗೆಯಿದೆಯೆಂದೂ, ಅದರ ಮೇಲೆ ಇದೇ ಹೆಸರು ಕೊರೆದಿದೆಯೆಂದೂ, ಅದು ಯಾರದೆಂದು ಮನೆಯವರಾರಿಗೂ ತಿಳಿದಿರಲಿಲ್ಲವೆಂದೂ ಆಮೇಲೆ ಹೇಳಿದರು.

ಹಳೆಯ ವಹಿಗಳನ್ನು ಓದುವವರು ಕೆಲವು ಸಂಗತಿಗಳನ್ನು ನೆನಪಿಡತಕ್ಕದ್ದು. ನಿಜಾಮರ ಆಳಿಕೆಯಲ್ಲಿ ಸರ್ಕಾರಿ ಶಾಲೆಗಳ ವ್ಯವಹಾರವು ಹೆಚ್ಚಾಗಿ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ, ಅಲ್ಲಿಂದ ತಂದ ಪತ್ರಗಳನ್ನು ಓದಲು ಉರ್ದು ಬಲ್ಲ ಹಿರಿಯರ ಸಹಾಯ ಬೇಕು. ವರ್ಷವು ಫಸಲಿಯಲ್ಲಿದ್ದರೆ 590ನ್ನು ಕೂಡಿಸಬೇಕು. ಫಸಲಿ 1340 ಎಂದರೆ 1930ರ ಅಕ್ಟೋಬರದಲ್ಲಿ ಆರಂಭವಾಗಿ 1931ರಲ್ಲಿ ಮುಗಿದ ವರ್ಷ. ಇಂದಿನ ಬಸವಕಲ್ಯಾಣವು 1956ಕ್ಕೆ ಮುಂಚಿನ ಕಾಗದಗಳಲ್ಲಿ ‘ಕಲ್ಯಾಣಿ’ ಎಂದಿರುತ್ತದೆ. ಬೀದರ ಜಿಲ್ಲೆಯೆಂದು ಬರೆದಿದ್ದ ಮಾತ್ರಕ್ಕೆ ಇಂದಿನ ಬೀದರದಲ್ಲಿಯೇ ಹುಡುಕಿ ನಿರಾಶರಾಗಬಾರದು. ಅದೇ 1956ರಲ್ಲಿ ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋಗಿ ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ. ಜಹೀರಾಬಾದ್, ನಾರಾಯಣಖೇಡಗಳು ಈಗ ತೆಲಂಗಾಣದಲ್ಲಿವೆ.

ಜನ್ಮದಿನಾಂಕವನ್ನಂತೂ ಎಚ್ಚರಿಕೆಯಿಂದ ನಂಬಬೇಕು. ಜನನ ಮರಣಗಳ ನೋಂದಣಿಯ ಕಾಯಿದೆ ಬಂದುದು 1969ರಲ್ಲಿ. ಅದಕ್ಕೆ ಹಿಂದಿನ ತಾಯಿತಂದೆಗಳು ಸುಗ್ಗಿ, ಜಾತ್ರೆ, ಬರಗಾಲಗಳ ಗುರುತಿನಿಂದ ಮಗುವಿನ ವಯಸ್ಸನ್ನು ಹೇಳುತ್ತಿದ್ದರು. ಗುರುಗಳು ಲೆಕ್ಕ ಹಾಕಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಅಕ್ಕತಂಗಿಯರೆಲ್ಲರೂ ಅದೇ ದಿನ ಹುಟ್ಟಿದಂತೆ ಕಂಡರೆ ಕಾರಣವಿಷ್ಟೇ. ತಾಯಿಯ ಹೆಸರಿಗೆ ಹಳೆಯ ವಹಿಗಳಲ್ಲಿ ಅಂಕಣವೇ ಇಲ್ಲ. ಕ್ರೈಸ್ತ ಕುಟುಂಬದವರು ಅದನ್ನು ಸಭೆಯ ದೀಕ್ಷಾಸ್ನಾನದ ದಾಖಲೆಯಲ್ಲಿಯೂ, ಇತರರು ಲಗ್ನಪತ್ರಿಕೆ, ನಿಕಾಹನಾಮೆ, ತವರಿನಿಂದ ಬಂದ ಪಾತ್ರೆಗಳ ಮೇಲೆಯೂ ಹುಡುಕಬಹುದು.

ಪಾಲಕರಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಈ ವಹಿಗಳಲ್ಲಿ ಜಾತಿಯ ಅಂಕಣವೂ ಇದೆ. ತಂದೆಯ ಹೆಸರಿನ ಸ್ಥಳದಲ್ಲಿ ಪೋಷಕರ ಹೆಸರನ್ನು ಮಾತ್ರ ಬರೆದ ಪುಟಗಳೂ ಇವೆ. ಸಂಬಂಧ ಬೆಳೆಸುವ ಮುನ್ನ ಕನ್ಯೆಯ ಕಡೆಯವರ ಮೂಲವನ್ನು ಶೋಧಿಸಬೇಕೆಂದು ಬಂದವರನ್ನು ನಾವು ಬರಿಗೈಯಲ್ಲಿ ಕಳುಹಿಸಿದ್ದೇವೆ, ಮುಂದೆಯೂ ಕಳುಹಿಸುವೆವು. ಅನಾಥೆಯಾಗಿ ಬಂದು ನಾಲ್ಕಕ್ಷರ ಕಲಿತವಳ ಕಷ್ಟವು ಅವಳ ಮೊಮ್ಮಕ್ಕಳಿಗೆ ಹೀನಾಯವಾಗಕೂಡದು. ಅವರವರ ಮನೆಯವರಿಗೆ ಅವರವರ ಹಿರಿಯರ ಸಾಲನ್ನು ಮಾತ್ರ ತೋರಿಸುವುದು ನಮ್ಮ ಪದ್ಧತಿ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಮನೆಯ ಲಕ್ಕಮ್ಮನ ಹೆಸರು ನಮಗೆ ಇಂದಿಗೂ ತಿಳಿದಿರುವುದು, ಅವಳ ವಚನಗಳನ್ನು ಯಾರೋ ಬರೆದಿಟ್ಟುದರಿಂದ. ಅವಳಂತೆ ದುಡಿದು ಮನೆ ನಡೆಸಿದ ಎಷ್ಟೋ ತಾಯಂದಿರ ಹೆಸರುಗಳು ಬರೆಯುವವರಿಲ್ಲದೆ ಹೋದವು. ಆದುದರಿಂದ ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮ ಬಿನ್ನಹವಿದು: ನಿಮಗೆ ಮದುವೆಯಲ್ಲಿ ಹೆಸರು ಬದಲಾಗಿದ್ದರೆ ಎರಡೂ ಹೆಸರುಗಳನ್ನೂ, ಸೇರಿದ ಮತ್ತು ಬಿಟ್ಟ ವರ್ಷಗಳನ್ನೂ ಒಂದು ಕಾಗದದಲ್ಲಿ ಬರೆದು ಶಾಲೆಗೆ ಕಳುಹಿಸಿರಿ. ಮನೆಯಲ್ಲಿ ವಯಸ್ಸಾದ ತಾಯಿಯೋ ಅತ್ತೆಯೋ ಇದ್ದರೆ ಇಂದಿನ ಸಂಜೆಯೇ ಅವರ ಬಳಿ ಕುಳಿತು, ಚಿಕ್ಕಂದಿನಲ್ಲಿ ಅವರನ್ನು ಏನೆಂದು ಕರೆಯುತ್ತಿದ್ದರೆಂದು ಕೇಳಿರಿ.